ಚಂದವ್ವ ಉಣ್ಣುವ ರೀತಿ

ಗೀತಾಂಜಲಿ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ರೊಟ್ಟಿ ತಿನ್ನುತ್ತಿದ್ದಳು. ಅಗಿಯುವ ಸದ್ದು ಹೊರಗೆ ಹೋಗಬಾರದೆಂದು ನಲ್ಲಿ ತಿರುಗಿಸಿ ಬಕೀಟಿಗೆ ನೀರು ಬಿಟ್ಟಿದ್ದಳು. ಹಾಗೆ ನೋಡಿದರೆ ಸದ್ದು ಮಾಡುವ ತಿನಿಸೇನೂ ಅಲ್ಲ. ನಿನ್ನೆಯ ಮೆತ್ತನೆಯ ರೊಟ್ಟಿ, ಒಳಗೆ ಮೊಸರು ಸವರಿ ಸುರುಳಿ ಮಾಡಿದ್ದು. ವಾಸನೆ ಬರುವಂಥದ್ದನ್ನು ಈ ಮನೆಯಲ್ಲಿ ಮಾಡಿ ಇಪ್ಪತ್ತೆರಡು ದಿನವಾಗಿತ್ತು. ಒಗ್ಗರಣೆ ಇಲ್ಲ, ಬೆಳ್ಳುಳ್ಳಿ ಇಲ್ಲ, ಮೆಣಸಿನಕಾಯಿ ಹುರಿಯುವಂತಿಲ್ಲ. ನಡುಮನೆಯ ಮಂಚದ ಮೇಲೆ ಅವಳ ಅಪ್ಪ ದುರ್ಗಪ್ಪ ಮಲಗಿದ್ದ. ಗಂಟಲ ಹುಣ್ಣು ಬೆಳೆದು ಅನ್ನದ ದಾರಿ ಮುಚ್ಚಿಹೋಗಿತ್ತು. ಮೂಗಿನಿಂದ ಹೊಟ್ಟೆಗೆ ಒಂದು ನಳಿಗೆ ಇಳಿಬಿಟ್ಟು, ಇನ್ನು ಮನೆಯಲ್ಲೇ ನೋಡಿಕೊಳ್ಳಿ, ಎಷ್ಟು ದಿನವೋ ಅಷ್ಟು, ಎಂದು ದವಾಖಾನೆಯವರು ಕಳಿಸಿದ್ದರು. ಮೂರು ತಾಸಿಗೊಮ್ಮೆ ತೆಳ್ಳನೆಯ ಗಂಜಿಯನ್ನೋ ಹಾಲನ್ನೋ ಸಿರಿಂಜಿನಲ್ಲಿ ತುಂಬಿ ನಳಿಗೆಗೆ ಬಿಡಬೇಕು. ಅವಳು ಆಫೀಸಿಗೆ ಹೋದಾಗ ಪಕ್ಕದ ಮನೆಯಾಕೆ ಬಂದು ಬಿಡುತ್ತಿದ್ದಳು. ಬಾಯಿಗೆ ಏನೂ ಕೂಡದು. ಮೂವತ್ತು ವರ್ಷ ಹುನಗುಂದದ ಹಾಸ್ಟೆಲಿನಲ್ಲಿ ಇನ್ನೂರು ಹುಡುಗರಿಗೆ ಅಡುಗೆ ಮಾಡಿ ಹಾಕಿದ ಮನುಷ್ಯನ ಎದುರಿಗೆ ಕೂತು ಉಣ್ಣುವುದು ಹೇಗೆ? ಹಾಗಾಗಿ ಅವಳು ಕಳ್ಳಿಯ ಹಾಗೆ ಬಚ್ಚಲಲ್ಲಿ ನಿಂತು ಉಣ್ಣುವುದನ್ನು ರೂಢಿ ಮಾಡಿಕೊಂಡಿದ್ದಳು. ಮೊದಮೊದಲು ಇದು ಅಪ್ಪನ ಮೇಲಿನ ಮರುಕ ಎಂದುಕೊಂಡಿದ್ದಳು. ಈಚೆಗೆ ಅದರಲ್ಲಿ ಹೆದರಿಕೆಯೂ ಇದೆ ಎಂಬುದು ಗೊತ್ತಾಗತೊಡಗಿತ್ತು. ಅವನ ಕಣ್ಣು ತನ್ನ ಬಾಯ ಮೇಲೆ ಬಿದ್ದರೆ ಏನಾಗುವುದೋ ಎಂಬ ಹೆದರಿಕೆ.

ಹೊರಗೆ ಬಂದಾಗ ಅಪ್ಪ ಎಚ್ಚರವಾಗಿದ್ದ. "ಉಂಡ್ಯಾ?" ಎಂದ. ಮಾತೆಂದರೆ ಬರೀ ಉಸಿರು, ಹತ್ತಿರ ಬಗ್ಗಿದವರಿಗಷ್ಟೇ ಕೇಳುವುದು. "ಆಫೀಸಿನ್ಯಾಗ ಉಣ್ತೇನಪ್ಪಾ" ಎಂದಳು. ಅವನು ಅವಳ ತುಟಿಯ ಮೂಲೆಯನ್ನು ನೋಡಿದ. ಅವಳು ಕೈ ಒಯ್ದು ಒರೆಸಿಕೊಂಡಳು, ಮೊಸರಿತ್ತು. ನಲವತ್ತೆರಡು ವರ್ಷದ ಹೆಂಗಸು, ಸರ್ಕಾರಿ ನೌಕರಿಯಲ್ಲಿರುವವಳು, ಬೆಲ್ಲ ಕದ್ದ ಹುಡುಗಿಯ ಹಾಗೆ ಅಪ್ಪನ ಮುಂದೆ ನಿಂತಳು. ಅವನು ಬಯ್ಯಲಿಲ್ಲ, ನಗಲೂ ಇಲ್ಲ. ಆರು ದಿನದಿಂದ ಹೇಳುತ್ತಿದ್ದುದನ್ನೇ ಮತ್ತೆ ಹೇಳಿದ: "ಬೀಗತಿನ್ನ ಕರಸು."

ಬೀಗತಿ ಎಂದರೆ ಚಂದವ್ವ, ಗೀತಾಂಜಲಿಯ ಅತ್ತೆ. ಎಪ್ಪತ್ತೆಂಟು ವಯಸ್ಸಿನ ಆಕೆಯನ್ನು ಆಕೆಯ ಮಗನ ಈ ಮನೆಯಿಂದ ಗುಡೂರಿಗೆ ಸಾಗಹಾಕಿದವಳು ಗೀತಾಂಜಲಿಯೇ. ಅಪ್ಪನನ್ನು ಕರೆತಂದ ಮರುದಿನವೇ, "ಅತ್ತಿ, ಡಾಕ್ಟರು ಮನ್ಯಾಗ ಮಂದಿ ಭಾಳ ಇರಬಾರದು ಅಂದಾರ. ವಯಸ್ಸಾದವರಂತೂ ಬ್ಯಾಡೇ ಬ್ಯಾಡ ಅಂದಾರ" ಎಂದಿದ್ದಳು. ಚಂದವ್ವ ಒಂದು ಗಳಿಗೆ ಸೊಸೆಯ ಮುಖ ನೋಡಿ, "ಆತವ್ವಾ" ಎಂದು ಎರಡು ಇಳಕಲ್ ಸೀರೆ ಚೀಲಕ್ಕೆ ತುರುಕಿಕೊಂಡು ಹೊರಟಿದ್ದಳು. ಹೊಸಿಲು ದಾಟುವಾಗ ಮಾತ್ರ ತಿರುಗಿ, "ಬೀಗರಿಗೆ ಏನ ಉಣ್ಣಬೇಕನಸ್ತೈತಿ ಅಂತ ಕೇಳೀರೇನು?" ಎಂದಿದ್ದಳು. ಆ ಮಾತು ಗೀತಾಂಜಲಿಯ ಬೆನ್ನಿನಲ್ಲಿ ತಣ್ಣಗೆ ಇಳಿದಿತ್ತು.

"ಇವತ್ತ ನನಗ ರಜಾ ಐತಿ" ಎಂದ ಗಂಡ ಯುವರಾಜ, ಅಂಗಳದಲ್ಲಿ ಬೂಟು ಒರೆಸುತ್ತ. ಅವನು ಬಸ್ಸಿನ ಕಂಡಕ್ಟರ್. ಅವನ ಊಟ ಇಳಕಲ್ಲಿನ ಖಾನಾವಳಿಯಲ್ಲೇ ಆಗುವುದರಿಂದ ಬಚ್ಚಲಿನ ಸಂಗತಿ ಅವನಿಗೆ ಗೊತ್ತಿರಲಿಲ್ಲ. "ಮಾವನ ಕೂಡ ನಾ ಕುಂದರ್ತೇನಿ. ನೀ ಆಫೀಸಿಗೆ ರಜಾ ಹಾಕಿ, ಗುಡೂರಿಗೆ ಹೋಗಿ ಅವ್ವನ್ನ ಕರ್ಕೊಂಡ ಬಾ."

"ಫೋನ್ ಮಾಡ್ರಿ, ಬರ್ತಾರ."

"ಮಾಡೀನಿ. ಕಳಿಸಿದಾಕಿ ಬಂದು ಕರೀಲಿ ಅಂದ್ಲು." ಅವನು ನಕ್ಕ. "ಎಪ್ಪತ್ತೆಂಟಾಗೇತಿ, ಸೊಕ್ಕ ನೋಡು."

ಹೋಗದೆ ವಿಧಿಯಿರಲಿಲ್ಲ. ಸಾಯುವ ಮನುಷ್ಯ ಬಾಯಿಬಿಟ್ಟು ಕೇಳಿದ್ದು ಇದೊಂದೇ. ಆದರೆ ಇದೊಂದನ್ನು ಬಿಟ್ಟು ಬೇರೇನನ್ನಾದರೂ ಕೇಳಿದ್ದರೆ ಅವಳು ಬೆಟ್ಟ ಹತ್ತಿ ತರುತ್ತಿದ್ದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ನವನಗರದ ಸೆಕ್ಟರುಗಳು ಒಂದರ ಹಾಗೆ ಇನ್ನೊಂದು ಕಳೆದು ಕಪ್ಪು ಹೊಲಗಳು ಶುರುವಾದ ಮೇಲೆ ಅವಳು ಚೀಲದಿಂದ ಆ ಪುಸ್ತಕ ತೆಗೆದಳು. ರಟ್ಟು ಕಾಣದಿರಲೆಂದು ಆಫೀಸಿನ ಹಳೆಯ ಫೈಲಿನ ಹಾಳೆ ಸುತ್ತಿದ್ದಳು. ರಟ್ಟಿನ ಮೇಲೆ ಕೆಂಪುಗಣ್ಣಿನ ಒಬ್ಬ ಹೆಂಗಸು, ಗದ್ದದ ಮೇಲೆ ನೆತ್ತರು. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಇದನ್ನು ಕೊಂಡವನು ಅವಳ ಆಫೀಸಿನ ಕಂಪ್ಯೂಟರ್ ಆಪರೇಟರ್ ಅರ್ಷದ. "ದೆವ್ವದ ಪುಸ್ತಕ ಅಂತ ತೊಗೊಂಡೆ ಮೇಡಂ. ಒಂದು ದೆವ್ವನೂ ಇಲ್ಲ ಇದರಾಗ. ಬರೇ ನಿಯಮ, ನಿಯಮ, ನಿಯಮ. ನಮ್ಮ ಸರ್ವಿಸ್ ರೂಲ್ಸ್ ಇದಕ್ಕಿಂತ ಚಲೋ ಅದಾವು" ಎಂದು ಅವಳ ಮೇಜಿನ ಮೇಲೆ ಎಸೆದು ಹೋಗಿದ್ದ.

ಅದು ಅಪ್ಪನನ್ನು ದವಾಖಾನೆಯಿಂದ ಕರೆತರುವ ಹಿಂದಿನ ದಿನ. ಊಟದ ಬಿಡುವಿನಲ್ಲಿ ಸುಮ್ಮನೆ ತೆರೆದವಳು ಅರ್ಧ ಪುಸ್ತಕ ಒಂದೇ ಉಸಿರಿಗೆ ಓದಿದ್ದಳು. ರಕ್ತಪಿಶಾಚಿಯೆಂದರೆ ಸತ್ತು ಗೋರಿಯಿಂದ ಎದ್ದು ಬಂದವನಲ್ಲ ಎಂದೇ ಪುಸ್ತಕ ಶುರುವಾಗಿತ್ತು. ಅದೊಂದು ಗುಪ್ತ ಸಾಧನೆ. ದೂರದ ದೇಶಗಳಲ್ಲಿ ನಮ್ಮ ನಿಮ್ಮ ಹಾಗೆ ನೌಕರಿ ಮಾಡಿಕೊಂಡು, ಮಕ್ಕಳನ್ನು ಶಾಲೆಗೆ ಕಳಿಸಿಕೊಂಡು ಅದನ್ನು ನಡೆಸುವವರಿದ್ದಾರೆ. ಕೆಲವರು ಒಪ್ಪಿದವರ ತೋಳಿನಿಂದ ಎರಡು ಹನಿ ನೆತ್ತರು ತೆಗೆದುಕೊಳ್ಳುತ್ತಾರೆ. ಹೆಚ್ಚಿನವರು ನೆತ್ತರು ಮುಟ್ಟುವುದೇ ಇಲ್ಲ. ಹತ್ತಿರ ಕೂತು, ಕೈ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು ಇನ್ನೊಬ್ಬರ ಜೀವಬಲವನ್ನು ಎಳೆದುಕೊಳ್ಳುತ್ತೇವೆಂದು ನಂಬುತ್ತಾರೆ. ಆಮೇಲೆ ಇಂಥವರನ್ನು ಗುರುತಿಸುವುದು ಹೇಗೆ ಎಂಬುದೊಂದು ಅಧ್ಯಾಯ. ವಯಸ್ಸಾದರೂ ದಣಿಯುವುದಿಲ್ಲ. ರೋಗಿಗಳ ಮಗ್ಗುಲಲ್ಲಿ ಕೂತೇಳುವುದೆಂದರೆ ಅವರಿಗೆ ಬೇಸರವಿಲ್ಲ. ಅವರ ಪಕ್ಕದಲ್ಲಿದ್ದವರಿಗೆ ತೂಕಡಿಕೆ ಬರುತ್ತದೆ. ಜೀವ ಹೋಗುವ ಹೊತ್ತಿನಲ್ಲಿ ಅವರ ಹಸಿವು ಹೆಚ್ಚುತ್ತದೆ. ಎಲ್ಲಕ್ಕಿಂತ ವಿಚಿತ್ರವೆಂದರೆ ನೊಂದವರೇ ಅವರನ್ನು ಕರೆಯುತ್ತಾರೆ. ಇಷ್ಟು ಓದುವಷ್ಟರಲ್ಲಿ ಅಕ್ಷರದ ನಡುವಿನಿಂದ ಅತ್ತೆ ಎದ್ದು ಬಂದಿದ್ದಳು, ಕೈಯಲ್ಲಿ ತಾಟು ಹಿಡಿದುಕೊಂಡು. ಮುಂದಿನ ಹಾಳೆ ತಿರುವಲು ಧೈರ್ಯ ಬರದೆ, ಅಲ್ಲಿಗೆ ಒಂದು ಟಿಕೆಟ್ಟು ಇಟ್ಟು ಪುಸ್ತಕ ಮುಚ್ಚಿದ್ದಳು. ಓದು ಬಲ್ಲವರಿಗೆ ಇದೊಂದು ರೋಗ: ಓದಿದ್ದನ್ನು ಮನೆಯವರ ಮುಖಕ್ಕೆ ಹಚ್ಚಿ ನೋಡುವುದು, ಅದೂ ಅರ್ಧ ಓದಿದಾಗಲೇ.

ಚಂದವ್ವ ಸಾಯುವವರ ಮುಂದೆ ಕೂತು ಉಣ್ಣುವುದನ್ನು ಅವಳು ಮೊದಲು ಕಂಡದ್ದು ಬಾಳಮ್ಮನ ಮನೆಯಲ್ಲಿ. ಮದುವೆಯಾಗಿ ಗುಡೂರಿಗೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ಪಕ್ಕದ ಮನೆಯ ಬಾಳಮ್ಮ ಒಂದು ವಾರದಿಂದ ಹಾಸಿಗೆಯಲ್ಲಿದ್ದಳು. ಗುಟುಕು ನೀರೂ ಇಳಿಯುತ್ತಿರಲಿಲ್ಲ. ಜೀವ ಎಲ್ಲೋ ಸಿಕ್ಕಿಕೊಂಡಿದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಅತ್ತೆ ಎಲ್ಲಿ ಎಂದು ಹುಡುಕಿಕೊಂಡು ಹೋದವಳು ಬಾಗಿಲಲ್ಲೇ ನಿಂತಳು. ಚಂದವ್ವ ಬಾಳಮ್ಮನ ತಲೆದಿಂಬಿನ ಹತ್ತಿರ ಚಕ್ಕಳಮಕ್ಕಳ ಹಾಕಿ ಕೂತಿದ್ದಾಳೆ; ಮುಂದೆ ಗಂಗಾಳ; ಗಂಗಾಳದಲ್ಲಿ ಬಿಸಿ ಹೂರಣದ ಹೋಳಿಗೆ, ಮೇಲೆ ತುಪ್ಪ. ಮುರಿಯುತ್ತಾಳೆ, ತುಪ್ಪದಲ್ಲಿ ಅದ್ದುತ್ತಾಳೆ, ಬಾಯಿಗಿಡುತ್ತಾಳೆ, ಕಣ್ಣು ಅರ್ಧ ಮುಚ್ಚಿ ಅಗಿಯುತ್ತಾಳೆ. ಎಲುಬಿನ ಗೂಡಾದ ಬಾಳಮ್ಮನ ಎರಡೂ ಕಣ್ಣು ಅವಳ ಬಾಯ ಮೇಲೆ ನೆಟ್ಟಿವೆ, ಆಚೀಚೆ ಕದಲುವುದಿಲ್ಲ. ತುತ್ತು ಮೇಲೆ ಹೋದರೆ ಕಣ್ಣು ಮೇಲೆ, ಇಳಿದರೆ ಕೆಳಗೆ. ಚಂದವ್ವ ಬೆರಳು ನೆಕ್ಕಿ ಮುಗಿಸಿದಾಗ ಬಾಳಮ್ಮ ಉಸ್ಸೆಂದಳು. ಮರುದಿನ ಹೊತ್ತು ಹುಟ್ಟುವಾಗ ಅವಳ ಜೀವ ಹೋಗಿತ್ತು. ಗೀತಾಂಜಲಿ ಆವತ್ತು ಬಾಗಿಲಿಂದಲೇ ಹಿಂದಿರುಗಿದ್ದಳು. ಯಾರಿಗೂ ಹೇಳಿರಲಿಲ್ಲ. ಹೇಳುವುದಾದರೂ ಏನನ್ನು? ಊರಿನವರು ಅದನ್ನು ತಪ್ಪೆಂದು ತಿಳಿದಂತೆಯೇ ಇರಲಿಲ್ಲ. ಆಮೇಲೆಯೂ ಯಾರೋ ಒಬ್ಬರ ಮನೆಯಿಂದ ಕರೆ ಬರುತ್ತಿತ್ತು, ಚಂದವ್ವ ಸೆರಗು ಕೊಡವಿ ಎದ್ದು ಹೋಗುತ್ತಿದ್ದಳು, ಹೊಟ್ಟೆ ತುಂಬಿಸಿಕೊಂಡು ಬರುತ್ತಿದ್ದಳು. ಬಂದವಳ ಮುಖದಲ್ಲಿ ಒಂದು ಹೊಳಪು ಇರುತ್ತಿತ್ತು. ಅದನ್ನು ಇಷ್ಟು ವರ್ಷ ತುಪ್ಪದ್ದೆಂದುಕೊಂಡಿದ್ದಳು.

ಕಮತಗಿ ದಾಟಿದ ಮೇಲೆ ಪಕ್ಕದಲ್ಲಿ ಕೂತಿದ್ದ ಹೆಂಗಸು ತೂಕಡಿಸಿ ಗೀತಾಂಜಲಿಯ ಭುಜದ ಮೇಲೆ ತಲೆಯಿಟ್ಟಳು. ಗೀತಾಂಜಲಿಗೆ ಧಸಕ್ಕೆಂದಿತು. ಪಕ್ಕದಲ್ಲಿದ್ದವರಿಗೆ ತೂಕಡಿಕೆ ಬರುತ್ತದೆ. ಭುಜ ಸರಿಸಿದರೆ ಪಾಪ, ಎಚ್ಚರವಾದೀತು. ಸರಿಸದಿದ್ದರೆ ತಾನೇ ಏನೋ ಎಳೆದುಕೊಳ್ಳುತ್ತಿರುವಂತೆ ಅನಿಸುತ್ತದೆ. ನಿದ್ದೆಯಲ್ಲಿ ಆ ಹೆಂಗಸು ಬಾಯಿ ಬಿಟ್ಟಿದ್ದಳು. ಎಲೆ-ಅಡಿಕೆಯ ವಾಸನೆ ಬರುತ್ತಿತ್ತು. ಗೀತಾಂಜಲಿ ಅಲುಗಾಡದೆ ಕೂತು, ಟಿಕೆಟ್ಟು ಇಟ್ಟ ಹಾಳೆ ತೆರೆದು ಮುಂದಕ್ಕೆ ಓದತೊಡಗಿದಳು.

ಅರ್ಷದ ಹೇಳಿದ್ದು ಖರೆ. ಅಲ್ಲಿಂದ ಮುಂದೆ ಬರೀ ನಿಯಮಗಳೇ. ಆ ಸಾಧಕರು ತಮ್ಮೊಳಗೆ ಕಟ್ಟಿಕೊಂಡ ಕಟ್ಟುಪಾಡು. ತೆಗೆದುಕೊಳ್ಳುವವನು ಬಾಯಿಬಿಟ್ಟು ಕೇಳಬೇಕು. ಏನನ್ನು, ಎಷ್ಟು, ಯಾಕೆ ಎಂಬುದನ್ನು ಮುಚ್ಚಿಡದೆ ಹೇಳಬೇಕು. ಕೊಡುವವನು ತನ್ನ ಬಾಯಿಂದಲೇ ಹೂಂ ಅನ್ನಬೇಕು. ಸುಮ್ಮನಿದ್ದರೆ ಅದು ಹೂಂ ಅಲ್ಲ. ಕೊಡುವವನಿಗೆ ಬೇಡವಾದ ಗಳಿಗೆಯೇ ಕೈ ಹಿಂದಕ್ಕೆ ತೆಗೆಯಬೇಕು. ಕೊಟ್ಟವನನ್ನು ಗುರುವಿನಷ್ಟು ಗೌರವದಿಂದ ಕಾಣಬೇಕು. ಇದೆಲ್ಲ ಎಷ್ಟು ಖರೆಯೋ ಎಷ್ಟು ಸುಳ್ಳೋ ಅವಳಿಗೆ ತಿಳಿಯದು. ಜೀವಬಲವೆಂಬುದನ್ನು ಹಾಲಿನ ಹಾಗೆ ಹೀರಬಹುದೆಂದು ಅವಳ ಬುದ್ಧಿ ಒಪ್ಪಲೂ ಇಲ್ಲ. ಆದರೆ ಹಾಗೆ ನಂಬಿಕೊಂಡವರು ಕೇಳದೆ ಮುಟ್ಟಬಾರದೆಂದು ನಿಯಮ ಮಾಡಿಕೊಂಡರಲ್ಲ, ಅದಕ್ಕೆ ಅವಳ ಮನಸ್ಸು ತಾನಾಗಿಯೇ ಬಾಗಿತು. ಕೊನೆಯ ಮಾತು ಮಾತ್ರ ಮುಳ್ಳಿನ ಹಾಗೆ ನೆಟ್ಟಿತು. ನಿಜವಾಗಿ ಅಂಜಬೇಕಾದದ್ದು ಇಂಥ ಸಾಧಕರಿಗಲ್ಲ. ತಾನು ತೆಗೆದುಕೊಳ್ಳುತ್ತಿದ್ದೇನೆಂದು ಗೊತ್ತೇ ಇಲ್ಲದೆ, ಒಳ್ಳೆಯದು ಮಾಡುತ್ತಿದ್ದೇನೆಂಬ ಹಮ್ಮಿನಲ್ಲಿ ತೆಗೆದುಕೊಳ್ಳುವವರಿಗೆ ಎಂದಿತ್ತು. ಅವಳು ಪುಸ್ತಕ ಮುಚ್ಚಿದಳು. ಇಪ್ಪತ್ತೆರಡು ದಿನದಿಂದ ಅಪ್ಪ ಮಲಗಿದ್ದ ಮನೆಯೊಳಗಿನ ವಾಸನೆಗಳನ್ನೆಲ್ಲ ತೆಗೆದುಹಾಕಿದವಳು ತಾನು. ಅವನಿಗೆ ಉಳಿದಿದ್ದದ್ದು ಮೂಗೊಂದೇ. ಕೇಳಿದ್ದಳೇ? ಅಪ್ಪಾ, ಒಗ್ಗರಣೆ ಹಾಕಲೋ ಬೇಡವೋ ಎಂದು ಒಂದು ಮಾತು? ಹಾಸ್ಟೆಲಿಗೆ ಅಪ್ಪ ಸೇರಿದ ಹೊಸದರಲ್ಲಿ ಕೆಲವು ಹುಡುಗರು ಅವನ ಕೈಯ ಅನ್ನ ಉಣ್ಣದೆ ಊರಿಂದ ರೊಟ್ಟಿ ತಂದು ಕೋಣೆಯ ಬಾಗಿಲು ಹಾಕಿಕೊಂಡು ತಿನ್ನುತ್ತಿದ್ದರಂತೆ. "ಬಾಗಲಾ ಹಾಕ್ಕೊಂಡು ಉಂಡ್ರ ಒಳಗಿನವರಿಗೂ ರುಚಿ ಹತ್ತಾಂಗಿಲ್ಲ, ಹೊರಗಿನವರಿಗೂ ಸಮಾಧಾನಿಲ್ಲ" ಎಂದು ನಗುತ್ತಲೇ ಹೇಳುತ್ತಿದ್ದ. ಮೂರು ತಿಂಗಳಲ್ಲಿ ಅದೇ ಹುಡುಗರು ಪಾತ್ರೆಯ ತಳ ಕೆರೆಯತೊಡಗಿದ್ದರು. ಅಮೀನಗಡದಲ್ಲಿ ಪಕ್ಕದ ಹೆಂಗಸು ಎಚ್ಚೆತ್ತು, "ಭಾಳ ಚಲೋ ನಿದ್ದಿ ಹತ್ತಿತು ನೋಡವ್ವಾ, ಪುಣ್ಯಾ ಬರ್ತೈತಿ ನಿನಗ" ಎಂದು ಇಳಿದುಹೋದಳು.

ಗುಡೂರಿನ ಮನೆಯ ಬಾಗಿಲು ತೆರೆದೇ ಇತ್ತು. ಚಂದವ್ವ ಒಬ್ಬಳೇ ಕೂತು ಉಣ್ಣುತ್ತಿದ್ದಳು. ಗೀತಾಂಜಲಿ ಹೊಸಿಲ ಮೇಲೆ ನಿಂತು ನೋಡಿದಳು. ಮನೆಯಲ್ಲಿ ಇಪ್ಪತ್ತು ವರ್ಷ ಜೊತೆಗಿದ್ದರೂ ಹೀಗೆ ಎದುರಿಗೆ ನಿಂತು ನೋಡಿದ್ದು ಇಲ್ಲವೇ ಇಲ್ಲ. ಬಿಳಿಜೋಳದ ರೊಟ್ಟಿ, ಶೇಂಗಾ ಕುಟ್ಟಿದ ಖಾರದ ಹಿಂಡಿ, ಒಂದು ಹಸಿ ಉಳ್ಳಾಗಡ್ಡಿ, ಅಷ್ಟೇ. ರೊಟ್ಟಿಯ ಅಂಚನ್ನು ಮೊದಲು ಸುತ್ತಲೂ ಮುರಿದು ಒಂದು ಕಡೆ ಇಟ್ಟಿದ್ದಳು, ಕೊನೆಗೆಂದು. ನಡುವಿನ ಮೆತ್ತನೆಯದನ್ನು ಎರಡು ಬೆರಳಲ್ಲಿ ಚಿವುಟಿ, ಹಿಂಡಿಯನ್ನು ಮುಟ್ಟಿಯೂ ಮುಟ್ಟದ ಹಾಗೆ ಅದ್ದಿ, ಬಾಯಿಗಿಟ್ಟು ಸುಮ್ಮನಾಗುತ್ತಿದ್ದಳು. ಆಗ ಅವಳು ಗೋಡೆ ನೋಡುತ್ತಿರಲಿಲ್ಲ, ಬಾಗಿಲು ನೋಡುತ್ತಿರಲಿಲ್ಲ, ಮುಂದಿನ ತುತ್ತಿಗೆ ಕೈಯೂ ಚಾಚುತ್ತಿರಲಿಲ್ಲ. ಬಾಯಲ್ಲಿದ್ದದ್ದರ ಜೊತೆ ಅವಳಿದ್ದಳು. ಫೈಲು ನೋಡುತ್ತ ಉಣ್ಣುವ ತನ್ನ ಆಫೀಸು, ಬಸ್ಸು ಹೊರಡುವುದರೊಳಗೆ ನುಂಗುವ ಯುವರಾಜ, ಬಚ್ಚಲಿನ ತಾನು, ಇವರಲ್ಲಿ ಒಬ್ಬರಾದರೂ ಉಣ್ಣುವವರೇ ಅಲ್ಲ ಎನಿಸಿತು ಗೀತಾಂಜಲಿಗೆ. ಉಳುವುದನ್ನು ಬಲ್ಲವರಿದ್ದಾರೆ, ನೇಯುವುದನ್ನು ಬಲ್ಲವರಿದ್ದಾರೆ. ಈ ಮುದುಕಿ ಉಣ್ಣುವುದನ್ನು ಬಲ್ಲಳು.

"ಬಂದ್ಯಾ? ನಿಂತು ನೋಡಿದ್ರ ನನಗ ಹೊಟ್ಟಿ ನೋಯ್ತೈತಿ. ಕೈ ತೊಳಕೊಂಡು ಬಾ" ಎಂದಳು ಚಂದವ್ವ, ತಲೆ ಎತ್ತದೆ.

ಗೀತಾಂಜಲಿ ಉಂಡಳು. ಮೊದಲ ತುತ್ತಿಗೆ ದವಡೆಯ ಮೂಲೆಯಲ್ಲಿ ಹಿಡಿದುಕೊಂಡಂತೆ ನೋವಾಗಿ ಕಣ್ಣಲ್ಲಿ ನೀರು ಬಂತು, ಖಾರಕ್ಕೆಂದುಕೊಂಡಳು. ಎರಡು ರೊಟ್ಟಿ ಮುಗಿಸಿದಳು. ಆಮೇಲೆ ಅವಳೇ ಮಾತು ಶುರು ಮಾಡಿದಳು. "ಅತ್ತಿ, ಡಾಕ್ಟರು ಹಂಗ ಅಂದಿರಲಿಲ್ಲ. ನಾನ ಸುಳ್ಳ ಹೇಳಿದ್ದೆ."

"ಗೊತ್ತೈತಿ. ಚಂದವ್ವನ್ನ ಹೊರಗ ಹಾಕ್ರಿ ಅಂತ ಚೀಟ್ಯಾಗ ಬರಿಯಾಕ ಆ ಡಾಕ್ಟರಗ ನನ್ನ ಗುರ್ತರ ಎಲ್ಲೈತಿ?"

ನಾಚಿಕೆಯಿಂದ ಗೀತಾಂಜಲಿಯ ಕಿವಿ ಬಿಸಿಯಾಯಿತು. ಪುಸ್ತಕ ತೆಗೆದು, ಸುತ್ತಿದ ಹಾಳೆ ಬಿಚ್ಚಿ, ರಟ್ಟು ತೋರಿಸಿದಳು. ಓದಿದ್ದನ್ನೆಲ್ಲ ಹೇಳಿದಳು, ಗುರುತುಗಳನ್ನೂ, ಬಾಳಮ್ಮನನ್ನೂ, ತಾನು ಏನೆಂದುಕೊಂಡಿದ್ದೆನೆಂಬುದನ್ನೂ. ಹೇಳುವಾಗ ಒಂದೊಂದು ಮಾತೂ ತನ್ನ ಬಾಯಿಂದ ಹೊರಬಿದ್ದು ಸೆಗಣಿ ಸಾರಿಸಿದ ನೆಲದ ಮೇಲೆ ಕಪ್ಪೆಯ ಹಾಗೆ ಕೂತಂತೆ ಅನಿಸಿತು. ಚಂದವ್ವ ರಟ್ಟಿನ ಹೆಂಗಸನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು. "ಹಲ್ಲು ಗಟ್ಟಿ ಅದಾವ ಈಕೀವು. ನನ್ನವು ಬರೇ ಆರು ಉಳದಾವ" ಎಂದಳು. ಸಿಟ್ಟು ಬಂದಂತೆ ಕಾಣಲಿಲ್ಲ. "ಈ ಮಂದಿ ಕೇಳಿ ತೊಗೊಂತಾರ ಅಂದೇನು?"

"ಹೂಂ. ಕೇಳದ ಮುಟ್ಟಬಾರದಂತ."

"ಹಂಗಿದ್ರ ಚಲೋ ಮಂದಿನ ಇರಬೇಕು ತಗಿ. ನಮ್ಮ ಕಡೆ ನೆತ್ತರ ಹೀರವರು ಯಾರು ಕೇಳ್ಯಾರು?" ಚಂದವ್ವ ಪುಸ್ತಕ ಕೆಳಗಿಟ್ಟಳು. "ನೋಡವ್ವಾ ಗೀತಾ, ಮೊದಲ ಸಲ ನಾ ಕೇಳಿರಲಿಲ್ಲ. ಕಳೆ ತಗದು ಬಂದಿದ್ದೆ, ಹೊಟ್ಟಿ ಹಸದು ಕರಳ ಕಿತ್ತು ಬರ್ತಿತ್ತು. ಓಣ್ಯಾಗ ಒಬ್ಬಾಕಿ ಸಾಯಾಕ ಬಿದ್ದಿದ್ಲು. ನೋಡಿ ಹೋಗೋಣಂತ ಹೋದಾಕಿ ಅಲ್ಲೇ ಕುಂತು ಬುತ್ತಿ ಬಿಚ್ಚಿದೆ. ಮಂದಿ ಉಗುಳಿದ್ರು ನನಗ. ಸಾಯಾಕಿ ಮುಂದ ತಿನ್ನಾಕತ್ತೀದಿ, ನಾಚಿಕಿ ಬರಾಂಗಿಲ್ಲೇನ ಅಂತ. ನಾ ಎದ್ದೆ. ಆಕಿ ನನ್ನ ಸೆರಗ ಹಿಡದ್ಲು. ಇಲ್ಲೇ ಕುಂತ ಉಣ್ಣು ಅಂದ್ಲು. ರೊಟ್ಟಿ ಮ್ಯಾಲ ಏನೈತಿ ಅಂದ್ಲು. ಕೆಂಪ ಖಾರ ಅಂದೆ. ಎಣ್ಣಿ ಹಾಕಿ ಏನ ಅಂದ್ಲು. ಹೂಂ ಅಂದೆ. ಹಂಗಾರ ಚಲೋ ಆತು ಅಂದ್ಲು." ಅವಳು ಬದಿಗಿಟ್ಟಿದ್ದ ರೊಟ್ಟಿಯ ಅಂಚನ್ನು ಈಗ ಎತ್ತಿಕೊಂಡು ಕಟುಂ ಎಂದು ಮುರಿದಳು. "ಆವತ್ತಿನಿಂದ ಕೇಳೇ ಉಣ್ತೇನಿ. ನಿನ್ನ ಬದಲಿ ಉಣ್ಲೇನು ಅಂತ. ಬ್ಯಾಡ ಅಂದವರೂ ಅದಾರ. ಎದ್ದು ಬಂದೇನಿ."

"ಮತ್ತ ಅವರಿಂದ ನಿಮಗ ಏನೂ…" ಗೀತಾಂಜಲಿ ಮಾತನ್ನು ಅರ್ಧಕ್ಕೆ ಬಿಟ್ಟಳು.

"ಸಿಗತೈತಿ" ಎಂದಳು ಚಂದವ್ವ. "ಸುಳ್ಳ ಯಾಕ ಹೇಳಲಿ? ಬಾಳಮ್ಮನ ಕೂಡ ಉಂಡ ಹೋಳಿಗಿ ರುಚಿ ನನಗ ಮತ್ತ ಸಿಕ್ಕಿಲ್ಲ. ಕಡೀ ಸಲ ನೋಡಾಕತ್ತವರ ಕೂಡ ಕುಂತು ಉಂಡ್ರ ಬರೇ ಉಳ್ಳಾಗಡ್ಡಿನೂ ಬ್ಯಾರೇನ ಆಕ್ಕೇತಿ. ಅದನ್ನ ತೊಗೊಂಡ ನಾ ಬದುಕೇನಿ. ನಿನ್ನ ಪುಸ್ತಕ ಅದನ್ನ ನೆತ್ತರ ಅಂದ್ರ ಅನ್ನಲಿ ಬಿಡು."

ಗೀತಾಂಜಲಿ ಆ ಮುಖ ನೋಡಿದಳು. ಕಪ್ಪು, ಸುಕ್ಕು, ಗದ್ದಕ್ಕೆ ಹತ್ತಿದ ಹಿಂಡಿಯ ಪುಡಿ. ಅತ್ತೆಯ ಬಾಯಿಂದ ಅಲ್ಲ ಎಂಬ ಮಾತು ಹೊರಡಿಸಲು ಬಂದಿದ್ದಳು. ಅತ್ತೆ ಹೌದು ಎಂದಿದ್ದಳು. ಅಲ್ಲ ಎಂದಿದ್ದರೆ ಅನುಮಾನ ಉಳಿಯುತ್ತಿತ್ತೇನೋ. ಹೌದು ಎಂಬ ಮಾತಿನ ಮುಂದೆ ಅವಳ ಹೆದರಿಕೆಗೆ ನಿಲ್ಲಲು ಜಾಗವೇ ಇರಲಿಲ್ಲ. ತನ್ನ ಸರೀಕರಲ್ಲಿ, ಆಫೀಸಿನಲ್ಲಿ, ಸಂಬಂಧಿಕರಲ್ಲಿ, ನನಗೂ ಸಿಗುತ್ತದೆ ಎಂದು ಬಾಯಿಬಿಟ್ಟು ಹೇಳಿದವರನ್ನು ಅವಳು ಕಂಡಿರಲಿಲ್ಲ. ಎಲ್ಲರೂ ಕೊಡುವವರೇ. ಅಪ್ಪನನ್ನು ಮನೆಗೆ ಕರೆತಂದಾಗ ಓಣಿಯವರು, ಮಗಳೆಂದರೆ ಹೀಗಿರಬೇಕು ಎಂದಾಗ ತಾನು ತಲೆ ತಗ್ಗಿಸಿ ಆ ಮಾತನ್ನು ಸವಿದಿರಲಿಲ್ಲವೇ? ಅದೂ ಒಂದು ತುತ್ತೇ. "ನಡೀರಿ ಅತ್ತಿ, ಮನಿಗೆ ಹೋಗೂಣು" ಎಂದಳು. ಚಂದವ್ವ ಏಳಲಿಲ್ಲ. "ಕರದಂಗ ಆಗಲಿಲ್ಲ ಇದು" ಎಂದಳು. ಗೀತಾಂಜಲಿ ಎದ್ದು ನಿಂತು, ಬಗ್ಗಿ ಅತ್ತೆಯ ಕಾಲು ಮುಟ್ಟಿದಳು. "ತಪ್ಪಾತು. ಬರ್ರಿ." ಚಂದವ್ವ ಸೊಂಟ ಹಿಡಿದುಕೊಂಡು ಎದ್ದಳು. "ಎಬ್ಬಿಸಾಕ ಕೈ ಕೊಡು ಅಂದ್ರ ಕಾಲ ಹಿಡದ್ಯಲ್ಲ, ಹುಚ್ಚಿ."

ನವನಗರ ಮುಟ್ಟಿದಾಗ ಬಿಸಿಲು ಇನ್ನೂ ಅಂಗಳದಲ್ಲಿತ್ತು. ಚಂದವ್ವ ಚೀಲವನ್ನೂ ಇಳಿಸದೆ ಮಂಚದ ಹತ್ತಿರ ಹೋಗಿ ಕೂತಳು. ದುರ್ಗಪ್ಪ ಕಣ್ಣು ತೆರೆದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು, ಸಂತೆಯಲ್ಲಿ ಸಿಕ್ಕ ಹಳೆಯ ಪರಿಚಯದವರ ಹಾಗೆ. "ಬೀಗರ, ಏನ ಉಣ್ಣಬೇಕನಸ್ತೈತ್ರಿ?" ಎಂದಳು. ಅವನು ಮೊದಲೇ ಯೋಚಿಸಿ ಇಟ್ಟುಕೊಂಡಿದ್ದನೆಂದು ಕಾಣುತ್ತದೆ, ತಡಮಾಡಲಿಲ್ಲ. "ಪುಂಡಿಪಲ್ಲೆ. ಬಿಸಿ ರೊಟ್ಟಿ."

"ಹುಳಿ ಅದು" ಎಂದಳು ಗೀತಾಂಜಲಿ, ತಡೆಯಲಾರದೆ. "ನೋಡಿದ್ರ ಬಾಯಾಗ ನೀರ ಬರ್ತಾವ. ನುಂಗಾಕ ಆಗಾಂಗಿಲ್ಲ ಅಪ್ಪಗ, ನೆತ್ತಿಗೇರಿ ಕೆಮ್ಮ ಬಂದ್ರ?"

"ನೀರ ಬಂದ್ರ ತಲಿ ಒಂದು ಮಗ್ಗಲ ಮಾಡಿ ಒರಸೂಣು. ಬಾಯಾಗ ನೀರ ಬರೂದು ಬದುಕಿದ್ದವರಿಗೆ ಅಷ್ಟ" ಎಂದಳು ಚಂದವ್ವ. ಯುವರಾಜ ಚೀಲ ಹಿಡಿದು ಸೊಪ್ಪು ತರಲು ಹೊರಟ.

ಸೊಪ್ಪು ಬೆಂದು, ನುಚ್ಚು ಕೂಡಿ, ಕೊನೆಗೆ ಎಣ್ಣೆಯಲ್ಲಿ ಬೆಳ್ಳುಳ್ಳಿ ಚಟಪಟ ಎಂದಾಗ ಆ ವಾಸನೆ ಅಡುಗೆಮನೆಯಿಂದ ಹೊರಟು, ನಡುಮನೆ ದಾಟಿ, ಕಿಟಕಿಯ ಪರದೆಗೆ ಹತ್ತಿ, ಔಷಧದ ಬಾಟಲಿಗಳ ಮೇಲೆ ಹಾಯ್ದು ಮಂಚದ ಹತ್ತಿರ ಬಂತು. ಗೀತಾಂಜಲಿ ಬಾಗಿಲಿಗೆ ಆತು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ನಳಿಗೆ ಇಲ್ಲದ ಇನ್ನೊಂದು ಮೂಗಿನ ಹೊಳ್ಳೆ ಅರಳಿತು. ಹಣೆಯ ಮೇಲಿನ ಗೆರೆಗಳು ಕೂಡಿದವು, ದೂರದಿಂದ ಯಾರೋ ಹೆಸರು ಹಿಡಿದು ಕೂಗಿದಾಗ ಆಗುವ ಹಾಗೆ. "ಬೆಳ್ಳೊಳ್ಳಿ ಕರಕಾತು" ಎಂದ. ಅಡುಗೆಮನೆಯಲ್ಲಿ ಚಂದವ್ವ ಬಾಣಲೆಯನ್ನು ದಡಕ್ಕನೆ ಇಳಿಸಿದ್ದು ಕೇಳಿಸಿತು. "ಮಲಕೊಂಡಲ್ಲೇ ತಪ್ಪು ಹಿಡೀತಾರ ನೋಡು! ಹಾಸ್ಟೇಲಿನ ಹುಡುಗೂರು ಹೆಂಗ ತಾಳಿಕೊಂಡ್ರೋ!" ಎಂದು ಅಲ್ಲಿಂದಲೇ ಕೂಗಿದಳು. ಅಪ್ಪನ ಹೊಟ್ಟೆ ಹೊದಿಕೆಯ ಕೆಳಗೆ ಕುಲುಕಿತು. ಅವನು ನಗುತ್ತಿದ್ದಾನೆಂದು ಗೀತಾಂಜಲಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಅವನು ನಕ್ಕದ್ದನ್ನು ಅವಳು ಮರೆತೇಬಿಟ್ಟಿದ್ದಳು.

ಚಂದವ್ವ ತಾಟು ತಂದು ಮಂಚದ ಮಗ್ಗುಲಲ್ಲಿ, ಅವನ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಸ್ಟೂಲಿನ ಮೇಲೆ ಇಟ್ಟುಕೊಂಡಳು. ಸೆರಗು ಸರಿಮಾಡಿಕೊಂಡು, ದೇವರ ಮುಂದೆ ಕೂತವಳ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೇಳಿದಳು: "ಬೀಗರ, ನಿಮ್ಮ ಬದಲಿ ನಾ ಉಣ್ಲೇನ್ರಿ?"

"ಹೂಂ" ಎಂದ ದುರ್ಗಪ್ಪ.

ಅವಳು ಒಂದು ತುತ್ತು ಉಂಡಳು. "ರೊಟ್ಟಿ ಬಿಸಿ ಐತಿ, ನಾಲಿಗಿ ಸುಡತೈತಿ" ಎಂದಳು. ಇನ್ನೊಂದು. "ಹುಳಿ ಹಿಂದಿಂದ ಬರ್ತೈತಿ, ಮೊದಲ ನುಚ್ಚು ಹತ್ತತೈತಿ." ಅವನ ಕಣ್ಣು ಅವಳ ಬಾಯ ಮೇಲಿತ್ತು. ಗೀತಾಂಜಲಿ ಬಾಳಮ್ಮನ ಕಣ್ಣನ್ನು ಇಷ್ಟು ವರ್ಷ ಹೊತ್ತು ತಿರುಗಿದ್ದಳು. ಆ ಕಣ್ಣಲ್ಲಿ ಬೇಟೆಗೆ ಸಿಕ್ಕ ಪ್ರಾಣಿಯ ದಿಗಿಲು ಇತ್ತೆಂದೇ ನೆನಪಿಟ್ಟುಕೊಂಡಿದ್ದಳು. ದಿಗಿಲು ತನ್ನದಾಗಿತ್ತು, ಬಾಗಿಲಲ್ಲಿ ನಿಂತವಳದ್ದು. ಅಪ್ಪನ ಕಣ್ಣಲ್ಲಿ ಇದ್ದದ್ದು ಕೆಲಸ. ಮೂವತ್ತು ವರ್ಷ ದೊಡ್ಡ ಪಾತ್ರೆಯ ಮುಂದೆ ನಿಂತು, ಪಂಕ್ತಿಯಲ್ಲಿ ಕೂತ ಹುಡುಗರ ಮುಖ ನೋಡಿ ಅಡುಗೆ ಹೇಗಾಗಿದೆಯೆಂದು ತಿಳಿದುಕೊಳ್ಳುತ್ತಿದ್ದವನು ಈಗಲೂ ಅದನ್ನೇ ಮಾಡುತ್ತಿದ್ದ. ತುಟಿಯ ಮೂಲೆಯಲ್ಲಿ ನೀರು ಒಸರಿ ಗದ್ದಕ್ಕೆ ಇಳಿಯಿತು. ಗೀತಾಂಜಲಿ ಓಡಿಬಂದು ತಲೆಯನ್ನು ಮಗ್ಗುಲು ಮಾಡಿ ಒರೆಸಿದಳು. ಅವನು ಕೆಮ್ಮಲಿಲ್ಲ. ಒರೆಸುವ ಕೈಯನ್ನು ಹಿಡಿದುಕೊಂಡ.

"ಈಕಿ" ಎಂದ ಚಂದವ್ವನಿಗೆ. "ಈಕಿ ಉಣ್ಣಲಿ."

ಚಂದವ್ವ ಬಾಯಲ್ಲಿದ್ದುದನ್ನು ನುಂಗಿ, ತಾಟನ್ನು ಈಚೆಗೆ ಸರಿಸಿ ಜಾಗ ಬಿಟ್ಟಳು. ಉಂಡರೆ ಅಪ್ಪ ಹೋಗುತ್ತಾನೆ ಎಂದು ಗೀತಾಂಜಲಿಯ ಒಳಗೆ ಯಾವುದೋ ಹಳೆಯ ಹುಡುಗಿ ಚೀರಿದಳು. ಉಣ್ಣದಿದ್ದರೂ ಹೋಗುತ್ತಾನೆ, ಹಸಿದುಕೊಂಡು ಹೋಗುತ್ತಾನೆ ಎಂಬುದು ಕೂಡಲೇ ಹೊಳೆಯಿತು. ಅವಳು ಕೂತಳು. ಕೈ ತಾಟಿನ ಮೇಲೆಯೇ ನಿಂತಿತು.

"ಅಪ್ಪಾ, ನಿನ್ನ ಬದಲಿ ಉಣ್ಲ್ಯಾ?"

ಅವನು ಹೂಂ ಅಂದದ್ದು ಕೇಳಿಸಿತು. ರೊಟ್ಟಿ ಚಿವುಟಿ, ಚೂರು ಪಲ್ಯ ತೆಗೆದುಕೊಂಡು, ಬಾಯಿಗಿಟ್ಟಳು. ಹುಳಿ ಕೆನ್ನೆಯ ಒಳಗೆಲ್ಲ ಹರಿಯಿತು; ಹಿಂದೆಯೇ ಬೆಳ್ಳುಳ್ಳಿ, ಸೀದದ್ದು, ಕಹಿ. ಓಡಿಹೋಗಬೇಕೆನಿಸಿದರೂ ಕಣ್ಣು ತಪ್ಪಿಸಲಿಲ್ಲ. ಅಗಿದಳು. ಅವನೂ ಕಾದ. ಅವಳು ನುಂಗಿದಾಗ ಅವನ ಗಂಟಲ ಗಂಟು ಒಮ್ಮೆ ಮೇಲಕ್ಕೆದ್ದು ಕೆಳಗೆ ಇಳಿಯಿತು.

"ಹೆಂಗೈತಿ?"

"ಬೆಳ್ಳೊಳ್ಳಿ ಕರಕಾಗೇತಪ್ಪಾ. ಹುಳಿ ಚಲೋ ಐತಿ."

ದುರ್ಗಪ್ಪ ಸಮಾಧಾನದಿಂದ ಕಣ್ಣು ಮುಚ್ಚಿ ತೆರೆದ. ಅವಳು ಎರಡನೆಯ ತುತ್ತಿಗೆ ರೊಟ್ಟಿ ಮುರಿದಳು. ಅವನು ಅವಳ ಬೆರಳುಗಳನ್ನು ನೋಡಿ, ಅಡ್ಡಡ್ಡ ತಲೆಯಾಡಿಸಿದ.

"ಎಷ್ಟು ಸಣ್ಣದು" ಎಂದ. "ದೊಡ್ಡ ತುತ್ತ ಮಾಡು."